ಹಿಂದಿನ ಬೆಂಚಿನವರು ಎಷ್ಟು ನಿಮಿಷ ಓದಿದರು? ಹೈಸ್ಕೂಲ್ ಇಂಗ್ಲಿಷ್ ತರಗತಿಗೆ ಓದಿನ ಚಟುವಟಿಕೆಗಳು

‘ಎಂಟನೇ ತರಗತಿಗೆ ಬಂದಿದ್ದಾರೆ, ಇಂಗ್ಲಿಷ್ ಪುಸ್ತಕ ತೆರೆದರೆ ಒಂದು ಸಾಲು ಓದುವುದಿಲ್ಲ. ಎಲ್ಲಿಂದ ಶುರು ಮಾಡಲಿ?’ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು, ಅತಿಥಿ ಶಿಕ್ಷಕರು, ಕೆಲವೊಮ್ಮೆ ಇಪ್ಪತ್ತು ವರ್ಷ ಪಾಠ ಮಾಡಿದವರೂ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ತರಬೇತಿಯಲ್ಲಿ ಚಟುವಟಿಕೆ ಮಾಡಿಸಿ ಎನ್ನುತ್ತಾರೆ. ನಲವತ್ತು ಮಕ್ಕಳನ್ನು ಇಟ್ಟುಕೊಂಡು ನಲವತ್ತು ನಿಮಿಷದಲ್ಲಿ ಯಾವ ಚಟುವಟಿಕೆ?’ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಒಂದೇ ಕಡೆ ಬರೆದಿಡುತ್ತೇನೆ.

ನಾನು ಪಾಠ ಮಾಡಿರುವುದು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕನ್ನಡ ಮಾಧ್ಯಮದ ತರಗತಿಗಳಿಗೆ. ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕೆಜಿಎಫ್ ಕಡೆ ತಮಿಳು, ಶಾಲೆಯಲ್ಲಿ ಕನ್ನಡ. ಅಂಕಪಟ್ಟಿಯಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ, ಮಗುವಿನ ನಾಲಿಗೆಗೆ ಮಾತ್ರ ಅದು ಮೂರನೆಯದು. ಇದನ್ನು ಮರೆತು ಮಾಡಿದ ಯಾವ ಪಾಠ ಯೋಜನೆಯೂ ನಮ್ಮ ಕಡೆ ನಿಲ್ಲುವುದಿಲ್ಲ.

ಮೊದಲು ಒಂದು ಲೆಕ್ಕ ಹಾಕಿ. 40 ನಿಮಿಷದ ಪೀರಿಯಡ್ಡು. ಹಾಜರಿ, ಗಲಾಟೆ, ಪುಸ್ತಕ ತೆಗೆಯುವುದಕ್ಕೆ 5 ನಿಮಿಷ. ನೀವು ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಅರ್ಥ ಹೇಳುವುದಕ್ಕೆ 25. ಉಳಿದ 10 ನಿಮಿಷದಲ್ಲಿ ಐದು ಮಕ್ಕಳು ಎದ್ದು ನಿಂತು ಎರಡೆರಡು ನಿಮಿಷ ಗಟ್ಟಿಯಾಗಿ ಓದುತ್ತಾರೆ, ಆ ಐವರೂ ಸಾಮಾನ್ಯವಾಗಿ ಮುಂದಿನ ಎರಡು ಸಾಲಿನವರು. ಉಳಿದ 35 ಮಕ್ಕಳು ಆ ದಿನ ಓದಿದ ಇಂಗ್ಲಿಷ್ ಎಷ್ಟು ನಿಮಿಷ? ಸೊನ್ನೆ. ಹೀಗೆ ಮೂರು ವರ್ಷ ಕಳೆದು, ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಹಿಂದೆಂದೂ ಕಂಡಿರದ ಗದ್ಯಭಾಗ ಎದುರಾದಾಗ ಮಗು ಕಕ್ಕಾಬಿಕ್ಕಿಯಾದರೆ ತಪ್ಪು ಯಾರದು?

ಮುಂದೆ ಹೇಳುವ ಎಲ್ಲ ಹಂತಗಳಿಗೂ ಅಳತೆಗೋಲು ಇದೇ: ಹಿಂದಿನ ಬೆಂಚಿನ ಮಗುವಿನ ಕಣ್ಣು ಅಕ್ಷರಗಳ ಮೇಲೆ ಎಷ್ಟು ಹೊತ್ತು ಓಡಿತು? ಚಟುವಟಿಕೆ ಎಷ್ಟೇ ಚೆಂದವಾಗಿದ್ದರೂ ಈ ಹೊತ್ತು ಹೆಚ್ಚದಿದ್ದರೆ ಅದು ತೋರಿಕೆಯದು, ಬಿಟ್ಟುಬಿಡಿ.

ಏನೇನು ಬೇಕು

ಪ್ರೊಜೆಕ್ಟರ್ ಬೇಡ. ಪಠ್ಯಪುಸ್ತಕ, ಸೀಮೆಸುಣ್ಣ, ಗೋಡೆ ಗಡಿಯಾರ, ಕತ್ತರಿ, ಅಂಟು. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ಚೀಟಿ ಮಾಡಲು ಬಹಳ ಚೆನ್ನಾಗಿರುತ್ತದೆ. ದಪ್ಪ, ಬಿಳುಪು, ಪುಕ್ಕಟೆ. ಮಕ್ಕಳಿಗೆ ಮನೆಯಿಂದ ಇಂಗ್ಲಿಷ್ ಅಚ್ಚಾಗಿರುವ ಏನಾದರೂ ತರಲು ಹೇಳಿ: ಬಿತ್ತನೆ ಬೀಜದ ಪೊಟ್ಟಣ, ಓಆರ್‌ಎಸ್ ಪೊಟ್ಟಣ, ಬಿಸ್ಕತ್ತಿನ ಹೊದಿಕೆ, ಸಾಬೂನಿನ ಡಬ್ಬಿ. ಕೀಟನಾಶಕದ ಡಬ್ಬಿ, ಪೊಟ್ಟಣ ಮಾತ್ರ ಖಾಲಿಯಾಗಿದ್ದರೂ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿ. ಒಂದು ವಾರದಲ್ಲಿ ಒಂದು ಚೀಲ ತುಂಬುತ್ತದೆ.

ಹಂತ 1: ಯಾರು ಎಲ್ಲಿದ್ದಾರೆ ಎಂದು ನೋಡಿ

ಜೂನ್ ತಿಂಗಳ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಸರಿಪಡಿಸಿಕೊಳ್ಳುವ ಆರಂಭದ ದಿನಗಳು, ಇದಕ್ಕೆ ಹೇಳಿ ಮಾಡಿಸಿದ ಕಾಲ. ಪೂರ್ವ ಪರೀಕ್ಷೆಯ ಲಿಖಿತ ಅಂಕಗಳನ್ನು ಮಾತ್ರ ನಂಬಬೇಡಿ. ಪಕ್ಕದವನದನ್ನು ನೋಡಿ ಬರೆದ ಉತ್ತರ ಓದುವ ಶಕ್ತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಆರನೇ ತರಗತಿಯ ಪುಸ್ತಕದಿಂದ ಸುಮಾರು ನೂರು ಪದಗಳ ಒಂದು ಭಾಗ ಆರಿಸಿ, ಎರಡು ಪ್ರತಿ ಬರೆದುಕೊಳ್ಳಿ. ಒಂದು ಮಗುವಿನ ಕೈಗೆ, ಒಂದು ನಿಮಗೆ. ಉಳಿದವರಿಗೆ ಬರೆಯುವ ಕೆಲಸ ಕೊಟ್ಟು, ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಓದಿಸಿ. ತಪ್ಪಿದ ಪದಕ್ಕೆ ಪೆನ್ಸಿಲ್ ಗೆರೆ. ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿ. ಉತ್ತರ ಕನ್ನಡದಲ್ಲಿ ಬರಲಿ, ತೆಲುಗಿನಲ್ಲಿ ಬರಲಿ, ಒಪ್ಪಿಕೊಳ್ಳಿ. ದಿನಕ್ಕೆ ನಾಲ್ಕೈದು ಮಕ್ಕಳಂತೆ ನಡೆಸಿದರೆ ಎರಡು ವಾರದಲ್ಲಿ ತರಗತಿ ಮುಗಿಯುತ್ತದೆ.

ನಿಮಗೆ ಮೂರು ಬಗೆಯವರು ಸಿಗುತ್ತಾರೆ. ಅಕ್ಷರಕ್ಕೂ ಶಬ್ದಕ್ಕೂ ಸಂಬಂಧವೇ ಗೊತ್ತಿಲ್ಲದವರು. ಓದಿ ಅರ್ಥ ಮಾಡಿಕೊಳ್ಳುವವರು. ಇವರಿಬ್ಬರ ನಡುವೆ, ಸರಾಗವಾಗಿ ಗಡಗಡ ಓದಿ ಅರ್ಥ ಕೇಳಿದರೆ ನೆಲ ನೋಡುವವರು. ಈ ನಡುವಿನ ಗುಂಪೇ ನಮ್ಮನ್ನು ಹೆಚ್ಚು ಮೋಸಗೊಳಿಸುವುದು. ತನಿಖೆಗೆ ಬಂದ ಅಧಿಕಾರಿಯ ಎದುರು ನಾವು ಎಬ್ಬಿಸಿ ನಿಲ್ಲಿಸುವುದೂ ಇವರನ್ನೇ. ನೂರು ಪದಗಳಲ್ಲಿ ಹತ್ತಕ್ಕಿಂತ ಹೆಚ್ಚು ತಪ್ಪಿದರೆ ಆ ಪಠ್ಯ ಆ ಮಗುವಿಗೆ ಭಾರವಾಯಿತು ಎಂದು ತಿಳಿಯಿರಿ.

ಪುಸ್ತಕಗಳನ್ನೂ ತಿರುವಿ ನೋಡಿ. ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರಗಳು ಕಾಣುತ್ತವೆಯೇ? ಒಮ್ಮೆ ಒಬ್ಬ ಹುಡುಗಿ ಪಾಠದ ಒಂದಿಡೀ ಪುಟವನ್ನು ತಡವರಿಸದೆ ಓದಿದಳು. ಪುಸ್ತಕವನ್ನು ಕೈಗೆ ತೆಗೆದುಕೊಂಡೆ. ಪ್ರತಿ ಪದದ ನೆತ್ತಿಯ ಮೇಲೂ ಅವಳ ಅಕ್ಕನ ಕೈಬರಹದಲ್ಲಿ ಕನ್ನಡ ಉಚ್ಚಾರಣೆ ಇತ್ತು. ಅವಳು ಓದಿದ್ದು ಕನ್ನಡವನ್ನು. ಬೈಯಬೇಡಿ, ಅಳಿಸಿ ಹಾಕಲೂ ಬೇಡಿ. ಆ ಪುಸ್ತಕವನ್ನು ಬದಿಗಿಟ್ಟು, ಬರಹವಿಲ್ಲದ ಹಾಳೆ ಕೊಡಿ.

ಎಡವುವ ಜಾಗ: ಇಡೀ ತರಗತಿಯ ಎದುರು ಈ ಪರೀಕ್ಷೆ ಮಾಡುವುದು. ಹದಿಮೂರು ವರ್ಷದ ಹುಡುಗನಿಗೆ ಅವಮಾನವಾದರೆ ಮುಂದಿನ ಮೂರು ವರ್ಷ ಅವನು ನಿಮ್ಮ ಎದುರು ಬಾಯಿ ತೆರೆಯುವುದಿಲ್ಲ. ಗುಂಪುಗಳಿಗೆ ‘ಜಾಣರು’, ‘ನಿಧಾನದವರು’ ಎಂದು ಹೆಸರಿಡುವುದೂ ಬೇಡ.

ಹಂತ 2: ಅಕ್ಷರವೇ ಕೂಡದವರಿಗೆ ದಿನಕ್ಕೆ ಹತ್ತು ನಿಮಿಷ

ಕನ್ನಡ ಓದಲು ಬರುವ ಮಗು ಇಂಗ್ಲಿಷಿನಲ್ಲಿ ಎಡವುವುದಕ್ಕೆ ಒಂದು ನ್ಯಾಯವಾದ ಕಾರಣವಿದೆ. ಕನ್ನಡದ 49 ಅಕ್ಷರಗಳು ಬರೆದಂತೆ ಓದಿಸಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಹೊರೆ ಹೊತ್ತಿವೆ. ಹಾಗಾಗಿ ಮಗು ‘ನೈಫ್’ ಪದವನ್ನು ‘ಕ್ನೈಫ್’ ಎಂದೂ, ‘ವಾಕ್ಡ್’ ಎಂಬುದನ್ನು ‘ವಾಲ್ಕೆಡ್’ ಎಂದೂ ಓದುತ್ತದೆ. ಇದು ದಡ್ಡತನವಲ್ಲ; ಕನ್ನಡದ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದ್ದು. ಹಾಗೆಂದು ಮಗುವಿಗೂ ಹೇಳಿ, ಅರ್ಧ ಭಯ ಹೋಗುತ್ತದೆ.

ಎರಡು ಕೆಲಸ ಜೊತೆಜೊತೆಗೆ ನಡೆಯಲಿ. ಒಂದು, ಪದ ಕುಟುಂಬಗಳು: ಕ್ಯಾಟ್, ಬ್ಯಾಟ್, ಹ್ಯಾಟ್, ಮ್ಯಾಟ್, ಬಿಗ್, ಡಿಗ್, ಪಿಗ್. ಕೊನೆಯ ತುಣುಕನ್ನು ಕರಿಹಲಗೆಯಲ್ಲಿ ಉಳಿಸಿ, ಮೊದಲ ಅಕ್ಷರವನ್ನು ಮಾತ್ರ ಅಳಿಸಿ ಬದಲಿಸುತ್ತಾ ಹೋಗಿ. ಎರಡು, ‘ದ’, ‘ವಾಸ್’, ‘ಸೆಡ್’, ‘ದೇ’, ‘ವೇರ್’ ಮುಂತಾದ ಪದಗಳು. ಇವು ಯಾವ ನಿಯಮಕ್ಕೂ ಸುಲಭವಾಗಿ ಬಗ್ಗುವುದಿಲ್ಲ, ಆದರೆ ಪ್ರತಿ ಸಾಲಿನಲ್ಲೂ ಬರುತ್ತವೆ. ಇವನ್ನು ಬಿಡಿಸಿ ಓದಿಸಬೇಡಿ. ಮುಖ ನೋಡಿ ಗುರುತು ಹಿಡಿಯುವಂತೆ ಒಟ್ಟಾಗಿ ಗುರುತಿಸಲಿ. ದಿನಕ್ಕೆ ಮೂರು ಸಾಕು.

ಇವರ ಮುಂದೆ ಒಂದನೇ ತರಗತಿಯ ಶಿಶುಗೀತೆ ಇಡಬೇಡಿ. ಮೀಸೆ ಚಿಗುರುತ್ತಿರುವ ಹುಡುಗ ನಕ್ಷತ್ರ ಮಿನುಗುವ ಹಾಡನ್ನು ಹೇಳುವುದಿಲ್ಲ, ಹೇಳಬಾರದು ಕೂಡ. ಅವನಿಗೆ ಆಗಲೇ ಗೊತ್ತಿರುವ ಇಂಗ್ಲಿಷ್ ಪದಗಳಿಂದ ಹೊರಡಿ. ಬಸ್, ಟಿಕೆಟ್, ಹೋಟೆಲ್, ಟೈರ್, ಪಂಚರ್, ಬೇಕರಿ, ಟ್ರಾಕ್ಟರ್, ಮೋಟಾರ್, ಪೈಪ್, ಸ್ಟಾರ್ಟರ್: ಮನೆಯಲ್ಲಿ ತೆಲುಗು ಮಾತಾಡುವ, ಇಂಗ್ಲಿಷ್ ‘ಬಾರದ’ ಮಗುವಿನ ಬಾಯಲ್ಲೂ ಇಂಥ ನೂರಾರು ಪದಗಳಿವೆ. ಬಸ್ ನಿಲ್ದಾಣದಿಂದ ಶಾಲೆಗೆ ಬರುವ ದಾರಿಯ ಅಂಗಡಿ ಫಲಕಗಳಿಂದ ಹತ್ತು ಪದ ಬರೆದುಕೊಂಡು ಬರುವುದು ಒಳ್ಳೆಯ ಮನೆಕೆಲಸ. ತಪ್ಪು ಕಾಗುಣಿತದ ಫಲಕವನ್ನೂ ತರುತ್ತಾರೆ, ಅದು ಇನ್ನೂ ಒಳ್ಳೆಯದು.

ಹಂತ 3: ಪುಸ್ತಕ ತೆರೆಯುವ ಮುನ್ನ

ಐದು ನಿಮಿಷ, ಹೆಚ್ಚು ಬೇಡ. ಶೀರ್ಷಿಕೆ ಓದಿಸಿ, ಚಿತ್ರ ತೋರಿಸಿ, ‘ಇದರಲ್ಲಿ ಏನಾಗಬಹುದು?’ ಎಂದು ಕೇಳಿ, ಬಂದ ಊಹೆಗಳಲ್ಲಿ ಮೂರನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯಿರಿ. ಓದಿ ಮುಗಿದ ಮೇಲೆ ಯಾರ ಊಹೆ ಸರಿಯಾಯಿತು ಎಂದು ನೋಡುವುದಕ್ಕಾದರೂ ಮಕ್ಕಳು ಓದುತ್ತಾರೆ.

ಪಾಠಕ್ಕೆ ಮೊದಲೇ ಇಪ್ಪತ್ತೈದು ಕಠಿಣ ಪದಗಳಿಗೆ ಅರ್ಥ ಬರೆಸುವ ರೂಢಿ ನಮ್ಮಲ್ಲಿದೆ. ಅದಕ್ಕೇ ಒಂದು ಪೀರಿಯಡ್ ಹೋಗುತ್ತದೆ, ಮರುದಿನಕ್ಕೆ ಒಂದೂ ನೆನಪಿರುವುದಿಲ್ಲ. ಯಾವ ಪದ ತಿಳಿಯದಿದ್ದರೆ ಕಥೆಯೇ ನಿಂತುಹೋಗುತ್ತದೋ ಅಂಥ ನಾಲ್ಕೈದನ್ನು ಮಾತ್ರ ಆರಿಸಿ. ಉಳಿದವನ್ನು ಹಿಂದುಮುಂದಿನ ವಾಕ್ಯಗಳಿಂದ ಊಹಿಸಲಿ. ತಪ್ಪು ಊಹಿಸಲಿ, ಅಡ್ಡಿಯಿಲ್ಲ.

ಹಂತ 4: ಮೌನ ಓದು

ಇದೇ ನಡುಗಂಬ. ಮೊದಲ ಭಾಗವನ್ನು ನೀವೇ ಒಮ್ಮೆ ಚೆನ್ನಾಗಿ, ಭಾವ ತುಂಬಿ, ಅರ್ಥ ಹೇಳದೆ ಓದಿ. ಅನಂತರ ಕರಿಹಲಗೆಯಲ್ಲಿ ಒಂದು ಪ್ರಶ್ನೆ ಬರೆಯಿರಿ. ‘ಎಂಟು ನಿಮಿಷ. ಬಾಯಿ ಮುಚ್ಚಿ ಓದಿ, ಇದಕ್ಕೆ ಉತ್ತರ ಇರುವ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ’ ಎನ್ನಿ. ಪ್ರಶ್ನೆ ಓದುವ ಮೊದಲೇ ಬರಬೇಕು. ಓದಿದ ಮೇಲೆ ಕೇಳುವ ಪ್ರಶ್ನೆ ಪರೀಕ್ಷೆ. ಓದುವ ಮೊದಲು ಕೊಟ್ಟ ಪ್ರಶ್ನೆ ದಾರಿದೀಪ.

ತರಬೇತಿಗಳಲ್ಲಿ ಸ್ಕಿಮಿಂಗ್, ಸ್ಕ್ಯಾನಿಂಗ್ ಎಂಬ ಎರಡು ಪದ ಕೇಳಿರುತ್ತೀರಿ. ಸ್ಕಿಮಿಂಗ್ ಎಂದರೆ ಹೋಟೆಲಿನಲ್ಲಿ ಕಾಫಿ ಬರುವಷ್ಟರಲ್ಲಿ ಪಕ್ಕದವರ ಪತ್ರಿಕೆಯ ಮೇಲೆ ಕಣ್ಣಾಡಿಸಿ ಏನು ಸುದ್ದಿ ಎಂದು ತಿಳಿಯುವುದು. ಸ್ಕ್ಯಾನಿಂಗ್ ಎಂದರೆ ಫಲಕದಲ್ಲಿ ಅಂಟಿಸಿದ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ನೋಂದಣಿ ಸಂಖ್ಯೆಯನ್ನು ಮಾತ್ರ ಹುಡುಕುವುದು. ಮಕ್ಕಳಿಗೆ ಹೀಗೇ ಹೇಳಿ. ಮೊದಲ ಸುತ್ತಿಗೆ ಕಣ್ಣಾಡಿಸುವ ಪ್ರಶ್ನೆ (‘ಈ ಘಟನೆ ಎಲ್ಲಿ ನಡೆಯಿತು, ಮನೆಯಲ್ಲೋ ಬಯಲಲ್ಲೋ?’), ಎರಡನೆಯ ಸುತ್ತಿಗೆ ಹುಡುಕುವ ಪ್ರಶ್ನೆ (‘ಅವನ ಬಳಿ ಎಷ್ಟು ಹಣವಿತ್ತು?’), ಮೂರನೆಯ ಸುತ್ತಿಗೆ ಸಾಲಿನಲ್ಲಿ ನೇರವಾಗಿ ಇಲ್ಲದ್ದನ್ನು ಕೇಳಿ (‘ಅವನು ಸುಳ್ಳು ಹೇಳಿದ್ದೇಕೆ?’). ಒಂದೇ ಪುಟವನ್ನು ಮಗು ಮೂರು ಸಲ ಓದಿದಂತಾಯಿತು, ಬೇಸರವಿಲ್ಲದೆ.

ಅವರು ಓದುವಾಗ ನೀವು ಕುಳಿತು ಹಾಜರಿ ಪುಸ್ತಕ ತುಂಬಬೇಡಿ. ಬೆಂಚುಗಳ ನಡುವೆ ಓಡಾಡಿ. ಸಾಲಿನ ಕೆಳಗೆ ಬೆರಳಿಟ್ಟು ಓದುವವರನ್ನು, ತುಟಿ ಅಲುಗಿಸುವವರನ್ನು ತಡೆಯಬೇಡಿ. ಅದು ಊರುಗೋಲು, ಬೇಡವಾದಾಗ ತಾನೇ ಬಿದ್ದುಹೋಗುತ್ತದೆ. ಮೊದಲ ವಾರ ಎಂಟು ನಿಮಿಷ ಯಾರೂ ಕೂರುವುದಿಲ್ಲ. ಮೂರು ನಿಮಿಷದಿಂದ ಆರಂಭಿಸಿ, ವಾರಕ್ಕೊಂದು ನಿಮಿಷ ಏರಿಸಿ.

ಎಡವುವ ಜಾಗ: ಸರದಿ ಓದು. ‘ನೀನು ಓದು, ಸಾಕು, ಮುಂದಿನವನು’ ಎಂಬ ಪದ್ಧತಿ. ಗಮನಿಸಿ ನೋಡಿದ್ದೀರಾ? ತನ್ನ ಸರದಿ ಯಾವ ಸಾಲಿಗೆ ಬರುತ್ತದೆ ಎಂದು ಲೆಕ್ಕ ಹಾಕಿ ಮಗು ಆ ಸಾಲನ್ನು ಮಾತ್ರ ಮನಸ್ಸಿನಲ್ಲೇ ಉರು ಹೊಡೆಯುತ್ತಿರುತ್ತದೆ. ಸರದಿ ಮುಗಿದ ಮೇಲೆ ಕಿಟಕಿಯಾಚೆ ನೋಡುತ್ತದೆ. ತಪ್ಪು ಉಚ್ಚಾರಣೆ ಕೇಳಿಸಿಕೊಂಡು ಉಳಿದವರು ಕಲಿಯುವುದೂ ತಪ್ಪನ್ನೇ. ಗಟ್ಟಿ ಓದು ಬೇಡವೆಂದಲ್ಲ. ಮೌನವಾಗಿ ಓದಿ ಅರ್ಥವಾದ ಮೇಲೆ ಇಬ್ಬಿಬ್ಬರು ಜೋಡಿಯಾಗಿ ಒಬ್ಬರಿಗೊಬ್ಬರು ಓದಿ ಹೇಳಲಿ. ಇಪ್ಪತ್ತು ಜೋಡಿ ಒಟ್ಟಿಗೆ ಓದಿದರೆ ಸಂತೆಯಂತೆ ಸದ್ದಾಗುತ್ತದೆ. ಮುಖ್ಯ ಶಿಕ್ಷಕರಿಗೆ ಮೊದಲೇ ಒಂದು ಮಾತು ಹೇಳಿಡಿ.

ಹಂತ 5: ಕೈ, ಕಾಲು, ಬಾಯಿಗೆ ಕೆಲಸ

ಇಲ್ಲಿ ನೂರು ಚಟುವಟಿಕೆಗಳ ಪಟ್ಟಿ ಕೊಡಬಹುದು. ಕೊಡುವುದಿಲ್ಲ. ನಮ್ಮ ತರಗತಿಗಳಲ್ಲಿ ನಿಂತು ಬಾಳಿದ ನಾಲ್ಕು ಸಾಕು.

ಮೊದಲನೆಯದು ಸಾಲು ಜೋಡಣೆ. ಪಾಠದ ಒಂದು ಭಾಗದ ಎಂಟು ವಾಕ್ಯಗಳನ್ನು ಎಂಟು ಚೀಟಿಗಳಲ್ಲಿ ಬರೆದು ಕಲಸಿ ಗುಂಪಿಗೆ ಕೊಡಿ, ಸರಿಯಾದ ಕ್ರಮಕ್ಕೆ ಜೋಡಿಸಲಿ. ‘ಹಿ’ ಎಂದರೆ ಯಾರು, ‘ಬಟ್’ ಬಂದಿದೆ ಎಂದರೆ ಹಿಂದೆ ಏನಿರಬೇಕು, ಎಂದು ವಾದ ಶುರುವಾದರೆ ಗೆದ್ದಿರಿ. ಚೀಟಿಗಳನ್ನು ಜೆರಾಕ್ಸ್ ಮಾಡಿಸಿ ಕೈಯಿಂದ ಹಣ ಕಳೆದುಕೊಳ್ಳಬೇಡಿ. ಹಿಂದಿನ ದಿನ ಮಕ್ಕಳಿಂದಲೇ ಬರೆಸಿ, ಆದರೆ ಒಂದು ಗುಂಪು ಬರೆದದ್ದು ಇನ್ನೊಂದು ಗುಂಪಿಗೆ ಹೋಗಲಿ.

ಎರಡನೆಯದು ಓಡುವ ಉಕ್ತಲೇಖನ. ಆರು ವಾಕ್ಯಗಳ ಒಂದು ಹಾಳೆಯನ್ನು ಜಗಲಿಯ ಕಂಬಕ್ಕೆ ಅಂಟಿಸಿ. ನಾಲ್ಕೈದು ಮಕ್ಕಳ ಗುಂಪು. ಒಬ್ಬಳು ಎದ್ದು ಹೋಗಿ ಒಂದು ವಾಕ್ಯ ಓದಿ, ನೆನಪಿನಲ್ಲಿ ಹೊತ್ತು ತಂದು, ಗುಂಪಿಗೆ ಹೇಳುತ್ತಾಳೆ, ಉಳಿದವರು ಬರೆಯುತ್ತಾರೆ. ಮುಂದಿನ ವಾಕ್ಯಕ್ಕೆ ಮುಂದಿನವರು. ಪದ ಪದವಾಗಿ ಹೊತ್ತು ತಂದರೆ ದಾರಿಯಲ್ಲೇ ಚೆಲ್ಲಿಹೋಗುತ್ತದೆ, ಅರ್ಥದ ತುಣುಕಾಗಿ ತಂದರೆ ಮಾತ್ರ ಉಳಿಯುತ್ತದೆ. ಇದನ್ನು ಮಗು ಎರಡನೇ ಸಲ ಓಡುವಷ್ಟರಲ್ಲಿ ತಾನೇ ಕಂಡುಕೊಳ್ಳುತ್ತದೆ. ಕಂಬದ ಎದುರು ನಿಂತು ಕಣ್ಣು ಮುಚ್ಚಿ ತುಟಿಯಲ್ಲೇ ವಾಕ್ಯ ಹೇಳಿಕೊಂಡು, ಬಾಗಿಲ ಹತ್ತಿರ ಬರುವಷ್ಟರಲ್ಲಿ ಕೊನೆಯ ಪದ ಮರೆತು, ಚಪ್ಪಲಿ ಜಾರಿಸಿಕೊಂಡು ವಾಪಸ್ ಓಡುವ ಹುಡುಗಿಯನ್ನು ನೋಡಿದರೆ ಯಾವ ಸಿದ್ಧಾಂತವೂ ಬೇಡ. ಕೊನೆಗೆ ಕಂಬದ ಹಾಳೆಯನ್ನು ಒಳಗೆ ತಂದು ಅವರೇ ತಿದ್ದಿಕೊಳ್ಳಲಿ.

ಇದರಲ್ಲಿ ಎಚ್ಚರ ಬೇಕಾದ್ದು: ಒಂದೇ ಹಾಳೆ ಅಂಟಿಸಿದರೆ ನೂಕುನುಗ್ಗಲು, ನಾಲ್ಕು ಕಂಬಕ್ಕೆ ನಾಲ್ಕು ಪ್ರತಿ ಹಾಕಿ. ಅಲ್ಲಿಂದಲೇ ಕೂಗಿ ಹೇಳಿದವರ ಗುಂಪಿಗೆ ಒಂದು ಅಂಕ ಕಡಿತ. ಪ್ರತಿ ಸಲವೂ ಚುರುಕಾದವನೇ ಓಡದಂತೆ ಸರದಿ ಹಚ್ಚಿ. ಮತ್ತೆ, ಪಕ್ಕದ ಕೋಣೆಯಲ್ಲಿ ಗಣಿತದ ಪಾಠವಿಲ್ಲದ ಹೊತ್ತು ನೋಡಿಕೊಳ್ಳಿ. ಈ ಕೊನೆಯ ಮಾತನ್ನು ನಾನು ಬೈಸಿಕೊಂಡು ಕಲಿತೆ.

ಮೂರನೆಯದು ನನಗೆ ಅತ್ಯಂತ ಇಷ್ಟವಾದದ್ದು. ಇದಕ್ಕೆ ಬೆಂಗಳೂರಿನ ನಂಟೂ ಇದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಇಂಗ್ಲಿಷ್ ಕಲಿಸುವ ಜಗತ್ತಿನಲ್ಲಿ ಅದು ಇಂದಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಪ್ರಸಿದ್ಧ. ವ್ಯಾಕರಣ ಬೋಧಿಸುವ ಬದಲು ರೈಲು ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಕೊಟ್ಟು, ಅದರಿಂದ ಲೆಕ್ಕ ಬಿಡಿಸುವ ಕೆಲಸ ಕೊಡುತ್ತಿದ್ದರು. ಮನಸ್ಸು ಕೆಲಸದ ಅರ್ಥದ ಮೇಲಿರುವಾಗ ಭಾಷೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ ಎಂಬುದು ಅವರ ನಂಬಿಕೆ. ಕೆಲಸಗಳಲ್ಲಿ ಮೂರು ಬಗೆ: ಒಬ್ಬರಿಗೆ ಗೊತ್ತಿರುವ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸುವುದು, ಇರುವ ಮಾಹಿತಿಯಿಂದ ತರ್ಕಿಸಿ ಹೊಸದನ್ನು ಕಂಡುಕೊಳ್ಳುವುದು, ತನ್ನ ಅಭಿಪ್ರಾಯ ಹೇಳುವುದು.

ಕೋಲಾರದ ಮಕ್ಕಳಿಗೆ ರೈಲಿಗಿಂತ ಟೊಮ್ಯಾಟೊ ಹತ್ತಿರ. ಇಬ್ಬರನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ. ಒಬ್ಬರ ಚೀಟಿಯಲ್ಲಿ ಮೂವರು ರೈತರ ಹೆಸರು, ಮಂಡಿಗೆ ಹಾಕಿದ 15 ಕೆ.ಜಿ. ಬಾಕ್ಸುಗಳ ಸಂಖ್ಯೆ: ನಾರಾಯಣಪ್ಪ 40, ಲಕ್ಷ್ಮಮ್ಮ 25, ಬಾಷಾ 32. ಇನ್ನೊಬ್ಬರ ಚೀಟಿಯಲ್ಲಿ ಅದೇ ಮೂವರಿಗೆ ಬಾಕ್ಸಿಗೆ ಸಿಕ್ಕ ದರ: 180, 310, 220 ರೂಪಾಯಿ. ಪ್ರಶ್ನೆ: ಯಾರಿಗೆ ಹೆಚ್ಚು ಹಣ ಬಂತು? ಕೇಳಿ ಹೇಳದೆ ಗತಿಯಿಲ್ಲ. ಕರಿಹಲಗೆಯಲ್ಲಿ ಮೂರೇ ವಾಕ್ಯದ ಅಚ್ಚು ಬರೆದಿಡಿ: ‘ಹೌ ಮೆನಿ ಬಾಕ್ಸಸ್ ಡಿಡ್ ಅವರು ಸೆಲ್?’, ‘ವಾಟ್ ವಾಸ್ ದ ರೇಟ್?’, ‘ಸೋ, ಅವರು ಗಾಟ್ ಇಷ್ಟು ರುಪೀಸ್.’ ಅವರು, ಇಷ್ಟು ಎಂಬ ಕಡೆ ಖಾಲಿ ಗೆರೆ ಬಿಡಿ, ಹೆಸರೂ ಸಂಖ್ಯೆಯೂ ಬಂದು ಕೂರುತ್ತವೆ. ಗುಣಾಕಾರ ತೆಲುಗಿನಲ್ಲಿ ನಡೆಯಲಿ, ಪ್ರಶ್ನೆ ಮಾತ್ರ ಇಂಗ್ಲಿಷಿನಲ್ಲಿ.

ಉತ್ತರ 7200, 7750, 7040. ಎಲ್ಲರಿಗಿಂತ ಕಡಿಮೆ ಬಾಕ್ಸ್ ಹಾಕಿದ ಲಕ್ಷ್ಮಮ್ಮನೇ ಗೆದ್ದಳು! ಈಗ ‘ವೈ?’ ಎಂದು ಕೇಳಿ. ಕಾಯಿ ದಪ್ಪ ಇತ್ತು, ಹರಾಜಿಗೆ ಬೇಗ ಬಂದಳು, ಬಣ್ಣ ಚೆನ್ನಾಗಿತ್ತು ಎಂದು ಮುರಿದ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಹೇಳುವ ಹುಡುಗ ನಿಮಗಿಂತ ಹೆಚ್ಚು ಟೊಮ್ಯಾಟೊ ನೋಡಿದವನು. ಕೊನೆಗೆ, ನಾರಾಯಣಪ್ಪ ಅಂದೇ ಮಾರಬೇಕಿತ್ತೇ, ಮರುದಿನದವರೆಗೆ ಕಾಯಬೇಕಿತ್ತೇ? ಮೂರೂ ಬಗೆಯ ಕೆಲಸ ಒಂದೇ ಪೀರಿಯಡ್ಡಿನಲ್ಲಿ ಮುಗಿಯಿತು. ಶಿಡ್ಲಘಟ್ಟದ ಕಡೆಯಾದರೆ ರೇಷ್ಮೆಗೂಡು, ಶ್ರೀನಿವಾಸಪುರವಾದರೆ ಮಾವು, ತುಮಕೂರಿನ ಕಡೆಯಾದರೆ ತೆಂಗು, ಕೊಬ್ಬರಿ ಹಾಕಿಕೊಳ್ಳಿ.

ಪ್ರಭು ಅವರ ಕ್ರಮದಲ್ಲಿ ಒಂದು ಗುಟ್ಟಿದೆ, ಬಹಳ ಜನ ಬಿಟ್ಟುಬಿಡುತ್ತಾರೆ: ಮಕ್ಕಳಿಗೆ ಕೆಲಸ ಬಿಟ್ಟುಕೊಡುವ ಮೊದಲು ಅದೇ ಬಗೆಯ ಇನ್ನೊಂದು ಲೆಕ್ಕವನ್ನು ಇಡೀ ತರಗತಿಯ ಜೊತೆ ಶಿಕ್ಷಕರು ಬಾಯಿಮಾತಿನಲ್ಲಿ ಬಿಡಿಸುತ್ತಿದ್ದರು. ಅದನ್ನು ಹಾರಿಸಿ ನೇರವಾಗಿ ಚೀಟಿ ಹಂಚಿದರೆ ‘ಮೇಡಂ, ಏನು ಮಾಡಬೇಕು?’ ಎಂದು ನಲವತ್ತು ಕೈ ಮೇಲೇಳುತ್ತವೆ.

ನಾಲ್ಕನೆಯದು ಜಿಗ್‌ಸಾ, ಅಂದರೆ ಪಾಠವನ್ನು ಪಾಲು ಮಾಡಿ ಓದಿ ಮತ್ತೆ ಜೋಡಿಸುವುದು. ಉದ್ದದ ಪಾಠವನ್ನು ನಾಲ್ಕು ಭಾಗ ಮಾಡಿ, ಒಂದೊಂದು ಗುಂಪು ಒಂದೊಂದನ್ನು ಓದಿ ಅರ್ಥ ಮಾಡಿಕೊಳ್ಳಲಿ. ಅನಂತರ ಪ್ರತಿ ಗುಂಪಿನಿಂದ ಒಬ್ಬೊಬ್ಬರು ಸೇರಿ ಹೊಸ ಗುಂಪಾಗಿ, ತಮ್ಮ ಭಾಗವನ್ನು ಉಳಿದವರಿಗೆ ಹೇಳಲಿ. ಪಾಠಗಳು ಸಕಾಲಕ್ಕೆ ಮುಗಿಯುವುದಿಲ್ಲ ಎನ್ನುವವರಿಗೆ ಇದು ಮದ್ದು; ಐದಾರು ಪುಟದ ಪಾಠ ಎರಡು ಪೀರಿಯಡ್ಡಿನಲ್ಲಿ ಒಂದು ಸುತ್ತು ಮುಗಿಯುತ್ತದೆ. ಪ್ರತಿ ಗುಂಪಿನಲ್ಲೂ ಓದಬಲ್ಲವರು ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ. ಅತ್ಯಂತ ಸುಲಭದ ಭಾಗ ಯಾರಿಗೆ ಹೋಗಬೇಕೆಂದು ನಿಮಗೆ ಗೊತ್ತು. ಅವರಿಗೆ ಗೊತ್ತಾಗದಂತೆ ಕೊಡಿ.

ಪದ್ಯಕ್ಕೆ ಇವು ಯಾವುದೂ ಬೇಡ. ಪದ್ಯವನ್ನು ಮೊದಲು ಎರಡು ಮೂರು ಸಲ ಕೇಳಿಸಿ, ಒಟ್ಟಾಗಿ ಹೇಳಿಸಿ, ಲಯ ಬಾಯಿಗೆ ಕೂತ ಮೇಲೆ ಅರ್ಥಕ್ಕೆ ಇಳಿಯಿರಿ.

ಹಂತ 6: ಕನ್ನಡವನ್ನು ಎಲ್ಲಿ ಬಳಸಬೇಕು?

‘ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು’ ಎಂಬ ನಿಯಮ ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಅದರ ಫಲ ಮೌನ. ಇನ್ನೊಂದು ತುದಿಯಲ್ಲಿ, ವಾಕ್ಯ ಓದು, ಕನ್ನಡ ಹೇಳು. ವಾಕ್ಯ ಓದು, ಕನ್ನಡ ಹೇಳು. ಇಲ್ಲಿ ಮಗು ಒಂದನ್ನು ಬೇಗ ಕಲಿಯುತ್ತದೆ: ಇಂಗ್ಲಿಷ್ ವಾಕ್ಯ ಜಾಹೀರಾತು, ಅದು ಮುಗಿದ ಮೇಲೆ ಬರುವ ಕನ್ನಡವೇ ಸಿನಿಮಾ. ಜಾಹೀರಾತಿಗೆ ಯಾರು ಕಿವಿಗೊಡುತ್ತಾರೆ?

ನಾನು ಇಟ್ಟುಕೊಂಡಿರುವ ಪದ್ಧತಿ ಹೀಗಿದೆ. ಚಟುವಟಿಕೆಯ ನಿಯಮವನ್ನು ಮೊದಲ ಸಲ ಕನ್ನಡದಲ್ಲಿ ಹೇಳುತ್ತೇನೆ, ಎರಡನೇ ಸಲದಿಂದ ಇಂಗ್ಲಿಷಿನಲ್ಲಿ. ಓದಿ ಅರ್ಥವಾಗಿದೆಯೇ ಎಂದು ನೋಡುವಾಗ ಮಗು ಯಾವ ಭಾಷೆಯಲ್ಲಿ ಹೇಳಿದರೂ ಸರಿ, ಅದನ್ನೇ ನಾನು ಸರಳ ಇಂಗ್ಲಿಷಿನಲ್ಲಿ ತಿರುಗಿ ಹೇಳುತ್ತೇನೆ. ಪಠ್ಯದ ವಾಕ್ಯವನ್ನು ಮಾತ್ರ, ಮಕ್ಕಳು ತಾವೇ ಒಮ್ಮೆ ಓದಿ ತಿಣುಕುವವರೆಗೆ ಅನುವಾದಿಸುವುದಿಲ್ಲ. ಆ ತಿಣುಕಾಟದ ಮೂವತ್ತು ಸೆಕೆಂಡು ಸುಮ್ಮನಿರುವುದು ಶಿಕ್ಷಕರಿಗೆ ಬಹಳ ಕಷ್ಟದ ಕೆಲಸ. ಬಾಯಿ ತುರಿಸುತ್ತದೆ. ತಡೆದುಕೊಳ್ಳಿ.

ಹಂತ 7: ಪಠ್ಯಪುಸ್ತಕದ ಆಚೆ

ವಾರಕ್ಕೊಂದು ಪೀರಿಯಡ್ಡಾದರೂ ಪರೀಕ್ಷೆಗೆ ಸಂಬಂಧವಿಲ್ಲದ ಓದು ಇರಲಿ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ; ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ, ಮುದ್ರಿಸಿಕೊಳ್ಳಲೂಬಹುದು. ಅನೇಕ ಕಥೆಗಳು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಇವೆ. ಅಂಜುವ ಮಗುವಿಗೆ ಕಥೆಯನ್ನು ಮೊದಲು ಕನ್ನಡದಲ್ಲಿ ಓದಲು ಕೊಟ್ಟು, ಮರುದಿನ ಅದೇ ಕಥೆಯ ಇಂಗ್ಲಿಷ್ ಪ್ರತಿ ಕೊಡಿ. ಕಥೆ ಗೊತ್ತಿರುವುದರಿಂದ ಗಮನವೆಲ್ಲ ಪದಗಳ ಮೇಲೆ ಹೋಗುತ್ತದೆ.

ಪುಸ್ತಕ ಆರಿಸಲು ಐದು ಬೆರಳಿನ ನಿಯಮ ಕಲಿಸಿ: ಒಂದು ಪುಟ ಓದುವಾಗ ಗೊತ್ತಿಲ್ಲದ ಪ್ರತಿ ಪದಕ್ಕೂ ಒಂದು ಬೆರಳು ಮಡಚುವುದು. ಪುಟ ಮುಗಿಯುವ ಮೊದಲೇ ಮುಷ್ಟಿ ಬಿಗಿದರೆ ಆ ಪುಸ್ತಕ ಸದ್ಯಕ್ಕೆ ಬೇಡ.

ಬಹಳಷ್ಟು ಶಾಲೆಗಳಲ್ಲಿ ಪುಸ್ತಕಗಳಿಗೆ ಕೊರತೆಯಿಲ್ಲ, ಕಪಾಟಿನ ಬೀಗಕ್ಕೂ ಕೊರತೆಯಿಲ್ಲ. ಕಳೆದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಮೂವತ್ತು ತೆಳು ಪುಸ್ತಕಗಳನ್ನು ತರಗತಿಗೆ ತನ್ನಿ, ಗೋಡೆಯಿಂದ ಗೋಡೆಗೆ ಒಂದು ದಾರ ಕಟ್ಟಿ ನೇತುಹಾಕಿ, ಕೊಡು-ಕೊಳ್ಳುವ ಲೆಕ್ಕವನ್ನು ಇಬ್ಬರು ಮಕ್ಕಳಿಗೆ ಒಪ್ಪಿಸಿ. ಆ ಇಬ್ಬರಲ್ಲಿ ಒಬ್ಬ ಓದಿನಲ್ಲಿ ಹಿಂದಿರುವವನಾಗಿರಲಿ. ಹೆಸರು ಬರೆದು ಬರೆದೇ ಅವನಿಗೆ ಶೀರ್ಷಿಕೆಗಳು ಬಾಯಿಗೆ ಬರುತ್ತವೆ. ಓದಿದ ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆಯಬೇಕೆಂದು ಮಾತ್ರ ಕೇಳಬೇಡಿ. ಊಟವಾದ ಮೇಲೆ ಏನು ತಿಂದೆ ಎಂದು ಪ್ರಬಂಧ ಬರೆಸಿದರೆ ಯಾರಿಗೆ ಹಸಿವಾದೀತು?

ಹಂತ 8: ಅಂಕ, ದಾಖಲೆ, ಪರೀಕ್ಷೆ

‘ಇದನ್ನೆಲ್ಲ ಮಾಡುತ್ತಾ ಕೂತರೆ ಫಲಿತಾಂಶದ ಗತಿ?’ ಎಂದು ಕೇಳುವಿರಿ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕ ಲಿಖಿತ, 20 ಆಂತರಿಕ. ರೂಪಣಾತ್ಮಕ ಮೌಲ್ಯಮಾಪನ, ಅಂದರೆ ವರ್ಷದ ನಡುವೆ ಕಲಿಕೆಯನ್ನು ಗಮನಿಸುತ್ತಾ ಹೋಗುವ ಮೌಲ್ಯಮಾಪನಕ್ಕೆ ಚಟುವಟಿಕೆ ಹೇಗೂ ತೋರಿಸಬೇಕು. ಮಾಡದೇ ಬರೆದ ದಾಖಲೆಗಿಂತ ಮಾಡಿ ಬರೆದ ದಾಖಲೆ ಬೇಗ ಮುಗಿಯುತ್ತದೆ. ಟೊಮ್ಯಾಟೊ ಚೀಟಿ, ಮಕ್ಕಳು ಬರೆದ ಉತ್ತರ, ದಿನಾಂಕ: ಇಷ್ಟೇ ಸಾಕ್ಷಿ.

ಜೂನ್‌ನಲ್ಲಿ ಮಾಡಿದ ನೂರು ಪದಗಳ ಓದನ್ನು ದಸರಾ ರಜೆಯ ನಂತರ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಮತ್ತೆ ಮಾಡಿಸಿ. ಭಾಗ ಬೇರೆಯಾಗಿರಲಿ, ಮಟ್ಟ ಅದೇ ಇರಲಿ. ತಪ್ಪಿದ ಪದಗಳ ಸಂಖ್ಯೆಯನ್ನು ಮಗು ತನ್ನ ನೋಟ್ ಪುಸ್ತಕದ ಕೊನೆಯ ಪುಟದಲ್ಲಿ ತಾನೇ ಬರೆದುಕೊಳ್ಳಲಿ. 31 ಇದ್ದದ್ದು 12 ಆದರೆ ನೀವು ಹೊಗಳುವ ಅಗತ್ಯವೇ ಇರುವುದಿಲ್ಲ.

ಹತ್ತನೇ ತರಗತಿಗೆ ಜನವರಿಯ ನಂತರ ಹೊಸ ಚಟುವಟಿಕೆ ತರಬೇಡಿ, ಮಕ್ಕಳು ಒಪ್ಪುವುದಿಲ್ಲ, ಮನೆಯವರೂ ಒಪ್ಪುವುದಿಲ್ಲ. ಆದರೆ ಸಾಲು ಜೋಡಣೆಯನ್ನು ಪುನರಾವರ್ತನೆಗೆ ಬಳಸಬಹುದು, ಪಾಠದ ಸಾರಾಂಶವನ್ನೇ ಚೀಟಿ ಮಾಡಿ. ಗೈಡ್ ಪುಸ್ತಕದ ಉತ್ತರ ಬಾಯಿಪಾಠ ಮಾಡುವವರಿಗೆ ಅದೇ ಉತ್ತರದಲ್ಲಿ ಪ್ರತಿ ಏಳನೆಯ ಪದವನ್ನು ಖಾಲಿ ಬಿಟ್ಟು ತುಂಬಲು ಕೊಡಿ. ಅರ್ಥ ತಿಳಿದು ಕಲಿತವರು ಯಾರು, ಉರು ಹೊಡೆದವರು ಯಾರು ಎಂಬುದು ಐದು ನಿಮಿಷದಲ್ಲಿ ಹೊರಬೀಳುತ್ತದೆ.

ಒಂದು ಕಿರಿಕಿರಿಯ ವಿಷಯ ಉಳಿಯಿತು. ಚೀಟಿಗಳನ್ನು ಹಳೆಯ ಲಗ್ನಪತ್ರಿಕೆಯ ಲಕೋಟೆಗಳಲ್ಲಿ ಹಾಕಿ, ಮೇಲೆ ತರಗತಿ, ಪಾಠ, ಒಟ್ಟು ಎಷ್ಟು ಚೀಟಿ ಎಂದು ಬರೆದಿಡಿ. ಪೀರಿಯಡ್ ಮುಗಿಯುವ ಎರಡು ನಿಮಿಷ ಮೊದಲು ಎಣಿಸಿ ವಾಪಸ್ ಪಡೆಯಿರಿ. ಎಣಿಸದೆ ಇಟ್ಟ ಲಕೋಟೆಯಲ್ಲಿ ಮುಂದಿನ ಜೂನ್‌ನಲ್ಲಿ ಏಳು ವಾಕ್ಯ ಇರುತ್ತವೆ, ಎಂಟನೆಯದು ಯಾರದೋ ಜ್ಯಾಮಿತಿ ಪೆಟ್ಟಿಗೆಯಲ್ಲಿ ಹೈಸ್ಕೂಲು ದಾಟಿ ಹೋಗಿರುತ್ತದೆ.